ಮಾತ್ರೆ, ಸಿಬಿಟಿ, ಆ್ಯಪ್, ಧ್ಯಾನ: ಡಿಪ್ರೆಶನ್‌ಗೆ ನಾನು ಟ್ರೈ ಮಾಡಿದ್ದರ ಹೋಲಿಕೆ

ಡಿಪ್ರೆಶನ್‌ಗೆ ಮಾತ್ರೆ ಒಳ್ಳೇದಾ ಥೆರಪಿ ಒಳ್ಳೇದಾ ಅಂತ ಯಾರಾದ್ರೂ ಕೇಳಿದ್ರೆ ನಾನು ತಿರುಗಿ ಕೇಳೋದು, ಈಗ ಬೆಳಗ್ಗೆ ಎದ್ದು ಸ್ನಾನ ಮಾಡೋಕಾಗ್ತಿದ್ಯಾ ಅಂತ. ಬರೀ ಮಾತಾಡೋ ಕೌನ್ಸೆಲಿಂಗು, ಥೆರಪಿಸ್ಟ್ ಜೊತೆ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದ್ರೆ ಯೋಚನೆ ಮತ್ತೆ ನಡವಳಿಕೆ ಮೇಲೆ ಕೆಲಸ ಮಾಡೋ ಥೆರಪಿ), ಫೋನಲ್ಲಿ ಸಿಬಿಟಿ ಆ್ಯಪು, ಮಾತ್ರೆ, ಮೈಂಡ್‌ಫುಲ್‌ನೆಸ್ ಅನ್ನೋ ಧ್ಯಾನದ ಕೋರ್ಸು, ಎಲ್ಲಾ ಒಂದು ಸುತ್ತು ನೋಡಿ ಬಂದಿದೀನಿ, ಎಲ್ಲದರಲ್ಲೂ ಏನೋ ಒಂದು ಉಪಯೋಗ ಇದೆ, ಆದ್ರೆ ಒಂದೊಂದು ನಮ್ಮಿಂದ ಕೇಳೋ ಶಕ್ತಿ ಬೇರೆ ಬೇರೆ, ಮತ್ತೆ ಈ ಕಾಯಿಲೆ ಮೊದಲು ಕಿತ್ಕೊಳ್ಳೋದೇ ಆ ಶಕ್ತೀನ. ಹಾಗಾಗಿ ಇಲ್ಲಿ ಮಾರ್ಕ್ಸ್ ಕೊಡೋಕೆ ಹೋಗಲ್ಲ, ಯಾವ ಸ್ಥಿತೀಲಿ ಯಾವುದು ಕೈಗೆ ಸಿಕ್ತು ಅಂತ ಹೇಳ್ತೀನಿ.

ಹೋಲಿಕೆಗೆ ಮುಂಚೆ ಎರಡು ಮಾತು. ಥೈರಾಯ್ಡ್ ಕಡಿಮೆ ಆಗಿದ್ರೆ, ಬಿ12 ಕಡಿಮೆ ಇದ್ರೆ, ರಕ್ತಹೀನತೆ ಇದ್ರೆ ಸುಸ್ತು, ಮಂಕು, ಯಾವುದೂ ಬೇಡ ಅನ್ಸೋದು ಎಲ್ಲಾ ಡಿಪ್ರೆಶನ್ ತರಾನೇ ಕಾಣ್ಬೋದು, ಅದಕ್ಕೆ ಬ್ಲಡ್ ಟೆಸ್ಟ್ ಮೊದಲು. ಇನ್ನೊಂದು, ಡಿಪ್ರೆಶನ್ ಎಷ್ಟು ಜೋರಿದೆ ಅಂತ ಅಳೆಯೋಕೆ ಡಾಕ್ಟ್ರು ಕೊಡೋ ಪಿಎಚ್‌ಕ್ಯೂ-9 ಅನ್ನೋ ಫಾರ್ಮು: ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. 10 ಮುಟ್ಟಿದ್ರೆ ಮಧ್ಯಮ, 20 ಮುಟ್ಟಿದ್ರೆ ತೀವ್ರ ಅಂತ ಲೆಕ್ಕ. ಒಂಬತ್ತನೇ ಪ್ರಶ್ನೆ ಸಾಯೋ ಯೋಚನೆ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಬಂದ್ರೂ ಈ ಹೋಲಿಕೆ ಎಲ್ಲಾ ಪಕ್ಕಕ್ಕಿಟ್ಟು ಇವತ್ತೇ ಡಾಕ್ಟ್ರಿಗೋ ಹೆಲ್ಪ್‌ಲೈನ್‌ಗೋ ಹತ್ತಿರದವರಿಗೋ ಹೇಳ್ಬೇಕು, ನಾಳೆ ನೋಡೋಣ ಅನ್ನೋ ವಿಷಯ ಅಲ್ಲ ಅದು.

ಈಗ ಕೌನ್ಸೆಲಿಂಗ್ ಮತ್ತು ಸಿಬಿಟಿ. ಮೊದಲು ಹೋಗಿದ್ದು ಸುಮ್ನೆ ಮಾತಾಡೋ ಕೌನ್ಸೆಲಿಂಗ್‌ಗೆ. ತುಂಬಾ ಒಳ್ಳೆಯವರು, ಕೂತು ಕೇಳೋರು, ಅತ್ತರೆ ಅಳೋಕೆ ಬಿಡೋರು. ಹೊರಗೆ ಬಂದಾಗ ಎದೆ ಹಗುರ, ಆದ್ರೆ ಮಾರನೇ ದಿನ ಅದೇ ಹಾಸಿಗೆ ಅದೇ ಸೂರು ಅದೇ ಯೋಚನೆ. ಸಿಬಿಟಿ ಇದಕ್ಕೆ ಉಲ್ಟಾ. ಶುರುವಿನಲ್ಲಿ ನನಗೆ ಅದು ಟ್ಯೂಷನ್ ತರ ಅನ್ಸಿ ಸ್ವಲ್ಪ ಸಿಟ್ಟೂ ಬಂದಿತ್ತು, ಯಾಕಂದ್ರೆ ಅಲ್ಲಿ ಬಾಲ್ಯದ ಕತೆಗಿಂತ ಈ ವಾರ ಏನಾಯ್ತು ಅನ್ನೋದೇ ಮುಖ್ಯ, ಇವತ್ತು ಯಾವ ವಿಷಯ ಮಾತಾಡೋಣ ಅಂತ ಮೊದಲೇ ಗೊತ್ತು ಮಾಡ್ಕೋತಾರೆ, ಮುಗಿಯೋ ಹೊತ್ತಿಗೆ ಹೋಮ್‌ವರ್ಕ್ ಕೊಡ್ತಾರೆ, ಮುಂದಿನ ವಾರ ಅದನ್ನ ಕೇಳ್ತಾರೆ. ಕಷ್ಟ ಹೇಳ್ಕೊಳ್ಳೋಕೆ ಹೋದವನಿಗೆ ಹೋಮ್‌ವರ್ಕಾ ಅಂತ. ಆದ್ರೆ ಸೆಷನ್ ಇಲ್ಲದ ದಿನಗಳಲ್ಲೂ ಏನೋ ನಡೀತಿತ್ತು ಅನ್ನೋದು ಸಿಬಿಟೀಲಿ ಮಾತ್ರ. ಥೆರಪಿಸ್ಟ್ ಹುಡುಕೋರಿಗೆ ಒಂದು ಗುರುತು ಹೇಳ್ಬೇಕಂದ್ರೆ ಇದೇ: ಹೋಮ್‌ವರ್ಕ್ ಇಲ್ಲ, ಹೋದ ವಾರದ್ದು ಕೇಳಲ್ಲ, ಬರೀ ಸಲಹೆ ಕೊಟ್ಟು ಕಳಿಸ್ತಾರೆ ಅಂದ್ರೆ ಬೋರ್ಡಲ್ಲಿ ಏನೇ ಬರೆದಿರ್ಲಿ, ಅದು ಸಿಬಿಟಿ ಅಲ್ಲ.

1960ರ ದಶಕದಲ್ಲಿ ಆರನ್ ಬೆಕ್ ಅನ್ನೋ ಅಮೆರಿಕದ ಸೈಕಿಯಾಟ್ರಿಸ್ಟ್ ಗಮನಿಸಿದ್ದು ಏನಂದ್ರೆ ಡಿಪ್ರೆಶನ್ ಇರೋರ ತಲೇಲಿ ತಾನಾಗೇ ಸರಕ್ ಅಂತ ಬಂದು ಹೋಗೋ ಯೋಚನೆಗಳಿರ್ತವೆ, ನಾನು ಸರಿಯಿಲ್ಲ, ಜಗತ್ತು ಸರಿಯಿಲ್ಲ, ಮುಂದೇನೂ ಸರಿಹೋಗಲ್ಲ ಅನ್ನೋ ಮೂರರ ಸುತ್ತಾನೇ ಅವು ಸುತ್ತೋದು. ನನ್ನ ತಲೇಲಂತೂ ಬೇರೆ ಚಾನೆಲ್ಲೇ ಇರ್ಲಿಲ್ಲ. ಅದನ್ನ ಹಿಡಿಯೋಕೆ ಥಾಟ್ ರೆಕಾರ್ಡ್ ಅಂತ ಏಳು ಕಾಲಂ ಶೀಟು. ಏನಾಯ್ತು: ಫ್ರೆಂಡ್ ಮೆಸೇಜ್ ನೋಡಿ ರಿಪ್ಲೈ ಮಾಡ್ಲಿಲ್ಲ. ಏನನ್ಸ್ತು: ಬೇಜಾರು, ನೂರಕ್ಕೆ 90. ತಲೇಲಿ ಬಂದಿದ್ದು: ನಾನು ಅವನಿಗೆ ಭಾರ. ಅದಕ್ಕೆ ಸಾಕ್ಷಿ: ರಿಪ್ಲೈ ಇಲ್ಲ. ವಿರುದ್ಧ ಸಾಕ್ಷಿ: ಹೋದ ವಾರ ಅವನೇ ಫೋನ್ ಮಾಡಿದ್ದ, ಅವನು ಎಲ್ಲರಿಗೂ ಹೀಗೇನೇ. ಇನ್ನೊಂದು ತರ ನೋಡಿದ್ರೆ: ಕೆಲಸದಲ್ಲಿರ್ಬೋದು, ನನಗೆ ಗೊತ್ತಿಲ್ಲ. ಈಗ ಬೇಜಾರು ಎಷ್ಟು: 60. ಅಷ್ಟೇ. 90 ಇದ್ದಿದ್ದು ಸೊನ್ನೆ ಆಗಲ್ಲ, 60 ಆಗುತ್ತೆ, ಆ 30ರಲ್ಲಿ ಎದ್ದು ಪಾತ್ರೆ ತೊಳೀಬೋದು. ಇದನ್ನ ಪಾಸಿಟಿವ್ ಥಿಂಕಿಂಗ್ ಅನ್ನೋರಿಗೆ ಏನ್ ಹೇಳೋದೋ. ಅಲ್ಲಿ ಚೆನ್ನಾಗಿದೆ ಚೆನ್ನಾಗಿದೆ ಅಂತ ಬಾಯಿಪಾಠ ಮಾಡ್ಬೇಕು, ಇಲ್ಲಿ ನಮ್ಮ ಯೋಚನೇನ ಕಟಕಟೇಲಿ ನಿಲ್ಲಿಸಿ ಪಾಟೀಸವಾಲು ಮಾಡೋದು, ಒಂದೊಂದ್ಸಲ ಅದು ನಿಜಾನೇ ಹೇಳ್ತಿದೆ ಅಂತಾನೂ ತೀರ್ಪು ಬರುತ್ತೆ. ಕೆಲಸ ಹೋಗಿದ್ರೆ ಹೋಗಿದೆ. ಆವಾಗ ಶೀಟ್ ಬಿಟ್ಟು ಮುಂದೇನು ಮಾಡೋದು ಅಂತ ಪ್ಲಾನ್ ಹಾಕೋದೇ ಸಿಬಿಟಿ.

ಇದೇ ಶೀಟು ಆ್ಯಪಲ್ಲೂ ಇರುತ್ತಲ್ಲ, ಥೆರಪಿಸ್ಟ್ ಯಾಕೆ? ನಾನೂ ಅದನ್ನೇ ಅನ್ಕೊಂಡಿದ್ದೆ. ಆ್ಯಪಿನ ಪರವಾಗಿ ಹೇಳ್ಬೇಕಂದ್ರೆ ನಡುರಾತ್ರೀಲಿ ಎಚ್ಚರ ಆದಾಗ ಅದು ಕೈಯಲ್ಲಿರುತ್ತೆ, ಖರ್ಚು ಕಡಿಮೆ, ನಾಚಿಕೆ ಇಲ್ಲ, ಮೂಡ್ ಗ್ರಾಫ್ ನೋಡಿದ್ರೆ ಭಾನುವಾರ ಸಂಜೆ ಯಾವಾಗ್ಲೂ ಕುಸೀತೀನಿ ಅನ್ನೋದು ನನಗೆ ಗೊತ್ತಾಗಿದ್ದೇ ಅದರಿಂದ. ಆದ್ರೆ ಆ್ಯಪು ನಾನು ಟೈಪ್ ಮಾಡಿದ್ದನ್ನ ನಂಬುತ್ತೆ. ಥೆರಪಿಸ್ಟ್ ನಂಬಲ್ಲ. ‘ಅವನಿಗೆ ನಾನು ಭಾರ’ ಅಂತ ಬರೆದಿದ್ದಕ್ಕೆ ಅವರು, ಸರಿ, ಅದು ನಿಜಾನೇ ಅನ್ಕೊಳ್ಳಿ, ಅದರಿಂದ ನಿಮ್ಮ ಬಗ್ಗೆ ಏನು ಗೊತ್ತಾಗುತ್ತೆ ಅಂದ್ರು. ಉತ್ತರ ಕೊಟ್ಟೆ. ಅದೂ ನಿಜ ಅಂದ್ರೆ ಏನರ್ಥ ಅಂತ ಮತ್ತೆ ಕೇಳಿದ್ರು. ಹಾಗೇ ಒಂದೊಂದೇ ಮೆಟ್ಟಿಲು ಇಳಿಸಿ ಕೊನೆಗೆ ಕೆಲಸಕ್ಕೆ ಬರದೇ ಇದ್ರೆ ನನ್ನನ್ನ ಯಾರೂ ಇಟ್ಕೊಳ್ಳಲ್ಲ ಅನ್ನೋ ಬುಡಕ್ಕೆ ತಂದು ನಿಲ್ಲಿಸಿದ್ರು. ಈ ಬುಡ ನಾನಾಗೇ ಯಾವ ಕಾಲಂನಲ್ಲೂ ಬರೀತಿರ್ಲಿಲ್ಲ. ಸಂಶೋಧನೆಗಳಲ್ಲೂ ಕಂಡಿರೋದು ಇದೇ ದಿಕ್ಕು, ಕಂಪ್ಯೂಟರ್ ಮೇಲಿನ ಸಿಬಿಟಿ ಒಬ್ಬರೇ ಮಾಡೋದಕ್ಕಿಂತ ಹಿಂದೆ ಒಬ್ಬ ಮನುಷ್ಯ ವಿಚಾರಿಸ್ತಾ ಇದ್ರೆ ಜಾಸ್ತಿ ಫಲ, ಅದರಲ್ಲೂ ಡಿಪ್ರೆಶನ್ ಜೋರಾಗಿದ್ದಾಗ. ಸೌಮ್ಯ ಹಂತದಲ್ಲಿದ್ರೆ ಆ್ಯಪಿಂದ ಶುರು ಮಾಡೋದರಲ್ಲಿ ತಪ್ಪೇನಿಲ್ಲ.

ತೀರಾ ಪಾತಾಳದಲ್ಲಿದ್ದಾಗ ಮಾತ್ರ ಶೀಟೂ ಬೇಡ ಆ್ಯಪೂ ಬೇಡ. ಯೋಚನೆ ಪರೀಕ್ಷೆ ಮಾಡೋಕೆ ಯೋಚಿಸೋ ತಲೆ ಬೇಕಲ್ಲ! ಆವಾಗ ನನಗೆ ಕೆಲಸ ಮಾಡಿದ್ದು ಬಿಹೇವಿಯರಲ್ ಆ್ಯಕ್ಟಿವೇಷನ್ ಅನ್ನೋ ಭಾಗ, ಹೆಸರು ದೊಡ್ಡದು, ಮಾಡೋದು ಸಣ್ಣದು: ಮನಸ್ಸು ಬರ್ಲಿ ಅಂತ ಕಾಯದೆ ಟೈಮ್ ಟೇಬಲ್ ಹಾಕಿ ಮಾಡೋದು. ಹನ್ನೊಂದಕ್ಕೆ ಮುಖ ತೊಳೆಯೋದು, ಸಂಜೆ ಹತ್ತು ನಿಮಿಷ ಹೊರಗೆ ನಿಲ್ಲೋದು. ಮಾಡೋ ಮುಂಚೆ ಎಷ್ಟು ಖುಷಿ ಸಿಗ್ಬೋದು ಅಂತ ಹತ್ತಕ್ಕೆ ಒಂದು ಅಂಕಿ, ಮಾಡಿದ್ಮೇಲೆ ಇನ್ನೊಂದು. ನಾನು ಮುಂಚೆ ಬರೀತಿದ್ದದ್ದು ಒಂದೋ ಸೊನ್ನೆಯೋ, ಆಮೇಲೆ ಬರೀತಿದ್ದದ್ದು ಮೂರು, ನಾಲ್ಕು. ಹತ್ತಂತೂ ಬರ್ಲಿಲ್ಲ. ಆದ್ರೆ ನನ್ನ ಭವಿಷ್ಯವಾಣಿ ಒಂದೇ ಕಡೆಗೆ ವಾಲುತ್ತೆ ಅನ್ನೋದು ನನ್ನದೇ ಕೈಬರಹದಲ್ಲಿ ಕಾಣ್ಸಿದಾಗ ಯಾರ ಸಮಾಧಾನದ ಮಾತಿಗಿಂತಲೂ ಅದು ನಾಟ್ತು. 1996ರಲ್ಲಿ ಅಮೆರಿಕದ ಸೈಕಾಲಜಿಸ್ಟ್ ನೀಲ್ ಜೇಕಬ್‌ಸನ್ ಮತ್ತು ಅವರ ತಂಡ ಸಿಬಿಟೀನ ಬಿಡಿ ಬಿಡಿ ಮಾಡಿ ನೋಡಿದಾಗ ಈ ಭಾಗ ಒಂದೇ ಪೂರ್ತಿ ಸಿಬಿಟಿಗೆ ಸಮ ಸಮ ನಿಂತಿತ್ತು. ನನ್ನ ಕೇಳಿದ್ರೆ ಇಡೀ ಹೋಲಿಕೇಲಿ ಅತಿ ಕಡಿಮೆ ಪ್ರಚಾರ ಸಿಕ್ಕಿರೋ ಒಳ್ಳೆ ಸಾಮಾನು ಇದೇ.

ಮಾತ್ರೆ ವಿಷಯಕ್ಕೆ ಬಂದ್ರೆ, ಎಸ್ಸಿಟಲೋಪ್ರಾಮ್, ಸರ್ಟ್ರಲೈನ್, ಫ್ಲುಯೋಕ್ಸೆಟಿನ್ ಈ ಗುಂಪಿನವು ಸಾಮಾನ್ಯವಾಗಿ ಮೊದಲು ಕೊಡೋದು. ಥೆರಪಿಗೆ ಹೋಲಿಸಿದ್ರೆ ದೊಡ್ಡ ಲಾಭ ಅಂದ್ರೆ ನುಂಗೋದೊಂದೇ ಕೆಲಸ. ದೊಡ್ಡ ಕಷ್ಟ ಅಂದ್ರೆ ಸೈಡ್ ಎಫೆಕ್ಟ್ ಮೊದಲು ಬರುತ್ತೆ, ಗುಣ ಆಮೇಲೆ ಬರುತ್ತೆ. ಮೊದಲ ವಾರ ಹೊಟ್ಟೆ ತೊಳೆಸೋದು, ತಲೆನೋವು, ನಿದ್ದೆ ಏರುಪೇರು, ಫಲ ಗೊತ್ತಾಗೋಕೆ ಎರಡರಿಂದ ನಾಲ್ಕು ವಾರ, ಪೂರ್ತಿಯಾಗೋಕೆ ಇನ್ನೂ ಜಾಸ್ತಿ. ಲೈಂಗಿಕ ಆಸಕ್ತಿ ಕುಗ್ಗೋದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ಡಾಕ್ಟ್ರಿಗೆ ನಾವೇ ಹೇಳ್ಬೇಕು, ಮಾತ್ರೆ ಬದಲಿಸೋ ದಾರಿ ಇದೆ. 25ಕ್ಕಿಂತ ಚಿಕ್ಕ ವಯಸ್ಸಿನವರಲ್ಲಿ ಶುರುವಿನ ವಾರಗಳಲ್ಲಿ ಸಾಯೋ ಯೋಚನೆ ಜಾಸ್ತಿ ಆಗೋ ಸಾಧ್ಯತೆ ಇರೋದ್ರಿಂದ ಮನೆಯವರು ಕಣ್ಣಿಟ್ಟಿರ್ಬೇಕು. ಚಟ ಹಿಡಿಯುತ್ತೆ ಅನ್ನೋದು ನಿಜ ಅಲ್ಲ, ಆದ್ರೆ ದಿಢೀರ್ ಅಂತ ನಿಲ್ಲಿಸಿದ್ರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಗೆ ಆಗೋದು ಇದೆ, ಡಾಕ್ಟ್ರು ಹೇಳಿದ ಹಾಗೆ ನಿಧಾನಕ್ಕೇ ಇಳಿಸ್ಬೇಕು. ಹುಷಾರಾದ್ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸೋಕೆ ಹೇಳೋದು ಯಾಕಂದ್ರೆ ಬೇಗ ಬಿಟ್ರೆ ಮರುಕಳಿಸೋದು ಜಾಸ್ತಿ. ಸಿಬಿಟಿ ಮೇಲುಗೈ ಪಡೆಯೋದು ಇಲ್ಲಿ, ನಿಲ್ಲಿಸಿದ್ಮೇಲೂ ಕಲಿತದ್ದು ಉಳಿಯುತ್ತೆ, ಮರುಕಳಿಸೋದು ಮಾತ್ರೆ ನಿಲ್ಲಿಸಿದವರಿಗಿಂತ ಕಡಿಮೆ. ತೀವ್ರವಾಗಿದ್ರೆ ಎರಡೂ ಒಟ್ಟಿಗೆ ಮಾಡೋದು ಒಂದೊಂದೇ ಮಾಡೋದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ, ನನಗೂ ಹಾಗೇ ಆಯ್ತು, ಮಾತ್ರೆ ತಲೆ ಎತ್ತೋವಷ್ಟು ಜಾಗ ಮಾಡಿಕೊಡ್ತು, ಆ ಜಾಗದಲ್ಲಿ ಕೂತು ಶೀಟ್ ತುಂಬಿದೆ.

ಮೈಂಡ್‌ಫುಲ್‌ನೆಸ್ ಬಗ್ಗೆ ಜಾಸ್ತಿ ಇಲ್ಲ. ಎಂಟು ವಾರದ ಎಂಬಿಸಿಟಿ (ಈ ಧ್ಯಾನದ ಜೊತೆ ಸಿಬಿಟಿ ಬೆರೆಸಿದ್ದು) ಕೋರ್ಸನ್ನ ಮಾಡಿರೋದೇ ಮತ್ತೆ ಮತ್ತೆ ಡಿಪ್ರೆಶನ್ ಬರೋರಿಗೆ, ಅದು ವಾಪಸ್ ಬರದೇ ಇರ್ಲಿ ಅಂತ. ಸಿಬಿಟೀಲಿ ಯೋಚನೆ ಜೊತೆ ವಾದ, ಇಲ್ಲಿ ಬಂತು, ಹೋಯ್ತು ಅಂತ ನೋಡ್ತಾ ಕೂರೋದು. ಹುಷಾರಾದ್ಮೇಲೆ ನನಗೆ ಇದು ಹಿಡಿಸ್ತು, ವಾದ ಮಾಡಿ ಮಾಡಿ ಸುಸ್ತಾಗೋದು ತಪ್ತು. ಕೆಳಗಿದ್ದಾಗ ಕಣ್ಮುಚ್ಚಿ ಕೂತಿದ್ದು ಮಾತ್ರ ಹಳೇದನ್ನೆಲ್ಲಾ ಕೆದಕೋಕೆ ಪುರುಸೊತ್ತು ಕೊಟ್ಟಂಗಾಯ್ತು. ಡಿಪ್ರೆಶನ್ ಇರೋರಿಗೆ ಧ್ಯಾನ ಮಾಡು ಎಲ್ಲಾ ಸರಿಹೋಗುತ್ತೆ ಅನ್ನೋ ಬಂಧುಗಳು ಇದನ್ನ ಸ್ವಲ್ಪ ಗಮನಿಸ್ಬೇಕು.

ಮತ್ತೆ ಬಂದ್ರೆ ನಾನು ಹಿಡಿಯೋ ಕ್ರಮ ಹೀಗೆ: ಏಳೋಕಾಗ್ತಿಲ್ಲ ಅಂದ್ರೆ ಮೊದಲು ಸೈಕಿಯಾಟ್ರಿಸ್ಟು ಮತ್ತು ಟೈಮ್ ಟೇಬಲ್ಲು, ತಲೆ ಸ್ವಲ್ಪ ತಿಳಿಯಾದ್ಮೇಲೆ ಥೆರಪಿಸ್ಟ್ ಜೊತೆ ಶೀಟು, ಕೊನೆಗೆ ಮೈಂಡ್‌ಫುಲ್‌ನೆಸ್ಸು, ಆ್ಯಪು ಡೈರಿ ತರ ಉದ್ದಕ್ಕೂ. ಸಿಬಿಟಿಯ ಕೊನೇ ಸೆಷನ್‌ಗಳಲ್ಲಿ ನನ್ನ ಕೈಲೇ ಮುನ್ಸೂಚನೆಗಳ ಪಟ್ಟಿ ಬರೆಸಿದ್ರು: ಫೋನ್ ಎತ್ತೋದು ಬಿಡ್ತೀನಿ, ಬೆಳಗಿನ ಜಾವ ಎಚ್ಚರ ಆಗಿ ಮತ್ತೆ ನಿದ್ದೆ ಬರಲ್ಲ, ಬಟ್ಟೆ ಮಡಿಸದೇ ಕುರ್ಚಿ ಮೇಲೆ ರಾಶಿ ಬೀಳುತ್ತೆ. ಇದರಲ್ಲಿ ಎರಡು ಒಟ್ಟಿಗೆ ವಾರಗಟ್ಟಲೆ ನಡೆದ್ರೆ ಅಪಾಯಿಂಟ್‌ಮೆಂಟ್ ತಗೋಬೇಕು ಅಂತ ಅದರ ಕೆಳಗೇ ಬರೆದಿದೆ, ಪಟ್ಟಿಯ ಒಂದು ಕಾಪಿ ಮನೆಯವರ ಹತ್ರನೂ ಇದೆ, ಯಾಕಂದ್ರೆ ಆ ಹೊತ್ತಲ್ಲಿ ಕುರ್ಚಿ ಮೇಲಿನ ರಾಶಿ ನನ್ನ ಕಣ್ಣಿಗೆ ಬೀಳಲ್ಲ, ಅವರಿಗೆ ಬೀಳುತ್ತೆ.