ನೇಪಾಳದ ಕ್ರೈಸ್ತ ಸೇವಾ ಕೇಂದ್ರಗಳಿಗೆ ಪೂರ್ವಭಾವಿ ಭೇಟಿ: ಸಂಯೋಜಕ ಸಂಸ್ಥೆಯ ಸೇವೆ ಹೇಗಿತ್ತು?

ವಿದ್ಯಾರ್ಥಿಗಳನ್ನು ಸೇವಾಪ್ರವಾಸಕ್ಕೆಂದು ಹೊರದೇಶಕ್ಕೆ ಕರೆದೊಯ್ಯುವ ಮುನ್ನ ಅಲ್ಲಿನ ಸ್ಥಳವನ್ನೂ ಜನರನ್ನೂ ಅಧ್ಯಾಪಕರೇ ಹೋಗಿ ನೋಡಿ ಬರಬೇಕೆಂದು ಕಾರವಾರದ ನಮ್ಮ ಕಾಲೇಜಿನ ಸೇವಾ ಸಮಿತಿ ತೀರ್ಮಾನಿಸಿತ್ತು. ಅದಕ್ಕಾಗಿ, ನೇಪಾಳದ ಕ್ರೈಸ್ತ ಸೇವಾ ಕೇಂದ್ರಗಳ ಭೇಟಿಯನ್ನು ಏರ್ಪಡಿಸಿಕೊಡುವ ಕಾಠ್ಮಂಡುವಿನ ಒಂದು ಸಂಯೋಜಕ ಸಂಸ್ಥೆಯ ನೆರವು ಪಡೆದೆವು. ವಸತಿ, ಊಟ, ಸ್ಥಳೀಯ ವಾಹನ, ದುಭಾಷಿ, ಕೇಂದ್ರಗಳ ಮುಖ್ಯಸ್ಥರೊಂದಿಗೆ ಮಾತುಕತೆ, ಇವೆಲ್ಲ ಆ ಸಂಸ್ಥೆಯ ಹೊಣೆ. ನಮ್ಮ ಜಿಲ್ಲೆಯ ಬೇರೆ ಕಾಲೇಜುಗಳಿಗೂ ಚರ್ಚುಗಳ ಯುವಜನ ಸಂಘಗಳಿಗೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಈ ಸೇವೆಯನ್ನು ಪಡೆಯಬಹುದು, ಆದರೆ ಅವರು ತೋರಿಸಿದ್ದನ್ನೆಲ್ಲ ಒಪ್ಪಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ.

ಈ ಸೇವೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ದುಭಾಷಿಯಾಗಿ ಬಂದ ಮಹಿಳೆಯ ಕೆಲಸ. ಹಿಂದಿ ಬಲ್ಲ ನಮಗೆ ದುಭಾಷಿ ಏಕೆ ಬೇಕೆಂದು ಕೇಳುವವರಿದ್ದಾರೆ. ಮುಖ್ಯಸ್ಥರ ಕೋಣೆಯಲ್ಲಿ ಹಿಂದಿ ಸಾಕಾಗುತ್ತದೆ, ಆದರೆ ಅಡುಗೆಮನೆಯಲ್ಲಿ, ವಾರ್ಡಿನಲ್ಲಿ, ಹೊಲದಲ್ಲಿ ದುಡಿಯುವವರ ಮನಸ್ಸಿನ ಮಾತು ನೇಪಾಳಿಯಲ್ಲೇ ಹೊರಬರುತ್ತದೆ. ಅಲ್ಲಿನ ಸೇವಾ ಕಾರ್ಯಗಳ ಹಿನ್ನೆಲೆಯನ್ನೂ ಆಕೆ ಚೆನ್ನಾಗಿ ತಿಳಿದಿದ್ದರು. ನೇಪಾಳದಲ್ಲಿ ರಾಣಾ ಮನೆತನದ ಆಳ್ವಿಕೆ ಕೊನೆಗೊಂಡ 1951ರಲ್ಲೇ ಜೆಸ್ವಿಟ್ ಸಭೆಯ ಕ್ಯಾಥೊಲಿಕ್ ಗುರುಗಳು ಕಾಠ್ಮಂಡು ಕಣಿವೆಯ ಗೋದಾವರಿ ಎಂಬ ಊರಿನಲ್ಲಿ ಶಾಲೆ ತೆರೆದರು; 1954ರಲ್ಲಿ ಹಲವು ಪ್ರೊಟೆಸ್ಟೆಂಟ್ ಮಿಷನ್‌ಗಳ ಒಕ್ಕೂಟವಾದ ಯುನೈಟೆಡ್ ಮಿಷನ್ ಟು ನೇಪಾಲ್ ಸ್ಥಾಪನೆಯಾದದ್ದು ನಮ್ಮ ದೇಶದ ನಾಗಪುರದಲ್ಲಿ. ಆಸ್ಪತ್ರೆ ಮತ್ತು ಶಾಲೆಗಳ ಮೂಲಕವೇ ಬೆಳೆದುಬಂದ ಈ ಪರಂಪರೆಯನ್ನು ತಿಳಿದ ಮೇಲೆ, ಅಲ್ಲಿಯವರಿಗೆ ನಮ್ಮ ವಿದ್ಯಾರ್ಥಿಗಳು ಹೊಸದಾಗಿ ಕಲಿಸಬೇಕಾದದ್ದು ಬಹಳ ಕಡಿಮೆಯೆಂಬುದು ಸ್ಪಷ್ಟವಾಯಿತು.

ನೋಡಿದ ಕೇಂದ್ರಗಳಲ್ಲಿ ನಾವು ಆರಿಸಿಕೊಂಡದ್ದು ಕಾಠ್ಮಂಡು ಕಣಿವೆಯ ಅಂಚಿನಲ್ಲಿರುವ ಒಂದು ಕುಷ್ಠರೋಗ ಚಿಕಿತ್ಸಾ ಕೇಂದ್ರವನ್ನು. 2010ರಲ್ಲೇ ನೇಪಾಳವು ಕುಷ್ಠವನ್ನು ಸಾರ್ವಜನಿಕ ಆರೋಗ್ಯ ಸಮಸ್ಯೆಯ ಮಟ್ಟದಿಂದ ನಿರ್ಮೂಲನೆ ಮಾಡಿರುವುದಾಗಿ ಘೋಷಿಸಿದ್ದರೂ ಹೊಸ ರೋಗಿಗಳು ಬರುವುದು ನಿಂತಿಲ್ಲ, ಹಳೆಯ ರೋಗಿಗಳ ಅಂಗವೈಕಲ್ಯವಂತೂ ಔಷಧದಿಂದ ವಾಸಿಯಾಗುವಂಥದ್ದಲ್ಲ. ಅಲ್ಲಿನ ಪಾದರಕ್ಷೆ ವಿಭಾಗದಲ್ಲಿ ಬಹಳ ಹೊತ್ತು ಕುಳಿತಿದ್ದೆವು. ರೋಗಿಯ ಪಾದವನ್ನು ಕಾಗದದ ಮೇಲಿಟ್ಟು ಅಂಚನ್ನು ಗುರುತಿಸಿಕೊಂಡು, ಹುಣ್ಣಾದ ಜಾಗಕ್ಕೆ ಬೇರೆ ಗುರುತು ಹಾಕಿ, ಮೆತ್ತನೆಯ ರಬ್ಬರನ್ನು ಕತ್ತರಿಸಿ, ಭಾರವು ಆ ಜಾಗದ ಮೇಲೆ ಬೀಳದಂತೆ ಅಟ್ಟೆಯನ್ನು ಹೊಂದಿಸುತ್ತಾರೆ. ನರಗಳು ಹಾಳಾಗಿ ಸ್ಪರ್ಶಜ್ಞಾನ ಹೋದ ಪಾದಕ್ಕೆ ಮುಳ್ಳು ಚುಚ್ಚಿದರೂ ತಿಳಿಯದು. ಆದ್ದರಿಂದ ಒಳಗಡೆ ಒಂದು ಮೊಳೆಯೂ ಇರದಂತೆ ಅಂಟು ಮತ್ತು ಹೊಲಿಗೆಯಿಂದಲೇ ಜೋಡಿಸುತ್ತಾರೆ. ತಯಾರಾದ ಚಪ್ಪಲಿಯನ್ನು ಕೈಗೆ ಕೊಡುವ ಮೊದಲು ಅಲ್ಲಿನ ಹಿರಿಯ ಕೆಲಸಗಾರರು ಅದರೊಳಗೆ ಬೆರಳಾಡಿಸಿ ಮತ್ತೆ ಮತ್ತೆ ಪರೀಕ್ಷಿಸಿದರು.

ಈ ಕೇಂದ್ರದ ಮೇಲೆ ನಮಗೆ ವಿಶ್ವಾಸ ಹುಟ್ಟಿಸಿದ್ದು, ವಿದ್ಯಾರ್ಥಿಗಳು ಏನನ್ನು ಮಾಡಕೂಡದೆಂದು ಅವರು ಮೊದಲೇ ಹೇಳಿದ ರೀತಿ. ಗಾಯ ಕಟ್ಟುವ ಕೆಲಸಕ್ಕೆ ತರಬೇತಿಯಿಲ್ಲದವರನ್ನು ಸೇರಿಸುವುದಿಲ್ಲ, ರೋಗಿಗಳ ಚಿತ್ರ ತೆಗೆಯಲು ಬಿಡುವುದಿಲ್ಲ, ಹತ್ತಕ್ಕಿಂತ ಹೆಚ್ಚು ಮಂದಿ ಬಂದರೆ ತಮ್ಮ ದಿನಚರಿ ಕೆಡುತ್ತದೆ ಎಂದರು. ಬೇಕಾಗಿರುವುದು ಅಟ್ಟೆ ಕತ್ತರಿಸುವಲ್ಲಿ ಕೈಜೋಡಿಸುವವರು, ಹಳೆಯ ಕಡತಗಳನ್ನು ಕಂಪ್ಯೂಟರಿಗೆ ಏರಿಸುವವರು, ತರಕಾರಿ ತೋಟದಲ್ಲಿ ದುಡಿಯುವವರು. ಸಂಕೋಚವಿಲ್ಲದೆ ಹೀಗೆ ಹೇಳಬಲ್ಲವರ ಬಳಿಗೆ ಮಕ್ಕಳನ್ನು ಕಳುಹಿಸಲು ಧೈರ್ಯ ಬರುತ್ತದೆ.

ಸಂಯೋಜಕ ಸಂಸ್ಥೆಯ ಮೇಲೆ ನಮಗಿರುವ ದೊಡ್ಡ ಆಕ್ಷೇಪ ಮಕ್ಕಳ ಆಶ್ರಮವೊಂದರ ಭೇಟಿಗೆ ಸಂಬಂಧಿಸಿದ್ದು. ಪಟ್ಟಿಯಲ್ಲಿ ಇಲ್ಲದಿದ್ದರೂ ಅಲ್ಲಿಗೆ ಕರೆದೊಯ್ದರು. ಹೊಸ ಬಟ್ಟೆ ತೊಟ್ಟ ಮಕ್ಕಳು ಸಾಲಾಗಿ ನಿಂತು ಹಾಡಿದರು. ಕೂಡಲೇ ದೇಣಿಗೆಯ ಮಾತು ಬಂತು. ನೇಪಾಳದ ಮಕ್ಕಳ ಆಶ್ರಮಗಳು ಕಾಠ್ಮಂಡು ಕಣಿವೆ, ಪೋಖರಾ, ಚಿತವನಗಳಂಥ ಪ್ರವಾಸಿ ಪ್ರದೇಶಗಳಲ್ಲೇ ದಟ್ಟವಾಗಿವೆ, ಅಲ್ಲಿರುವ ಅನೇಕ ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ. ವಾರಕ್ಕೊಂದು ಹೊಸ ತಂಡ ಬಂದು ಮುದ್ದಾಡಿ ಹೋಗುವುದರಿಂದ ಆ ಮಕ್ಕಳಿಗೆ ಆಗುವ ನೋವು ಸಣ್ಣದಲ್ಲ. ನಮ್ಮ ವಿದ್ಯಾರ್ಥಿಗಳ ಕಾರ್ಯಕ್ರಮದಲ್ಲಿ ಇಂಥ ಭೇಟಿ ಇರಕೂಡದೆಂದು ಸಂಸ್ಥೆಗೆ ಲಿಖಿತವಾಗಿ ತಿಳಿಸಿದ್ದೇವೆ, ಅವರು ಒಪ್ಪಿದ್ದಾರೆ.

ಧರ್ಮಪ್ರಚಾರದ ವಿಷಯದಲ್ಲಿ ಮಾತ್ರ ಸಂಸ್ಥೆ ಕೊಟ್ಟ ತಿಳುವಳಿಕೆ ಖಚಿತವಾಗಿತ್ತು. 2018ರ ಆಗಸ್ಟಿನಿಂದ ಜಾರಿಯಲ್ಲಿರುವ ಅಲ್ಲಿನ ದಂಡಸಂಹಿತೆಯ ಪ್ರಕಾರ ಮತಾಂತರ ಮಾಡಿಸುವುದಕ್ಕೆ 5 ವರ್ಷಗಳವರೆಗೆ ಸೆರೆವಾಸ ಮತ್ತು 50,000 ನೇಪಾಳಿ ರೂಪಾಯಿಗಳವರೆಗೆ ದಂಡವಿದೆ, ತಪ್ಪಿತಸ್ಥರು ವಿದೇಶಿಯರಾದರೆ ಶಿಕ್ಷೆಯ ನಂತರ ಗಡೀಪಾರು. ನಮ್ಮ ತಂಡದಲ್ಲಿ ಕ್ರೈಸ್ತರಲ್ಲದ ವಿದ್ಯಾರ್ಥಿಗಳೂ ಇರುವುದರಿಂದ, ಕರಪತ್ರ ಹಂಚುವುದು, ಬೀದಿಯಲ್ಲಿ ಪ್ರಾರ್ಥಿಸುವುದು ಮುಂತಾದವು ಇರುವುದಿಲ್ಲವೆಂಬುದು ಎಲ್ಲ ಪೋಷಕರಿಗೂ ಮೊದಲೇ ತಿಳಿಯಬೇಕು. ವಾರದ ರಜೆ ಶನಿವಾರವಾದ್ದರಿಂದ ಅಲ್ಲಿನ ಹೆಚ್ಚಿನ ಚರ್ಚುಗಳಲ್ಲಿ ಆರಾಧನೆ ನಡೆಯುವುದು ಅಂದೇ. 2015ರ ಏಪ್ರಿಲ್ 25ರ ಭೂಕಂಪವೂ ಶನಿವಾರ ಮಧ್ಯಾಹ್ನದ ಹೊತ್ತಿಗೆ ಸಂಭವಿಸಿ, ಆರಾಧನೆಗೆ ಸೇರಿದ್ದ ಅನೇಕರು ಚರ್ಚಿನೊಳಗೇ ಪ್ರಾಣ ಬಿಟ್ಟರು. ಶನಿವಾರದ ಪೂಜೆಗೆ ಹೋಗುವ ನಮ್ಮ ಮಕ್ಕಳು ಇದನ್ನು ತಿಳಿದುಕೊಂಡೇ ಹೋಗಬೇಕೆಂದು ನನ್ನ ಆಸೆ.

ಮಳೆಗಾಲದ ರಿಯಾಯಿತಿ ದರಕ್ಕೆ ಯಾರೂ ಮನಸೋಲಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಕಂಡವರು ನಾವು. ಅದಕ್ಕೆ ನಾಲ್ಕೇ ದಿನ ಮೊದಲು ಚಿತವನ ಜಿಲ್ಲೆಯಲ್ಲಿ ಗುಡ್ಡ ಜರಿದು ಎರಡು ಬಸ್ಸುಗಳು ಪ್ರಯಾಣಿಕರೊಂದಿಗೆ ತ್ರಿಶೂಲಿ ನದಿಯ ಪಾಲಾದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳನ್ನು ಬಿಟ್ಟೇ ಬಿಡಬೇಕು. ನಮ್ಮ ದಸರೆಯ ಹೊತ್ತಿಗೇ ಬರುವ ಅಲ್ಲಿನ ದಸೈಂ ಹಬ್ಬದ ಸಮಯದಲ್ಲಿ ಕೆಲಸಗಾರರು ಊರಿಗೆ ಹೋಗಿರುತ್ತಾರೆ. ಹೀಗಾಗಿ ನಾವು ನವೆಂಬರನ್ನು ಗೊತ್ತುಮಾಡಿದ್ದೇವೆ.

ಊಟ ವಸತಿ ಸರಳ, ಸ್ವಚ್ಛ. ಖರ್ಚಿನ ಲೆಕ್ಕ ಮಾತ್ರ ಒಟ್ಟು ಮೊತ್ತವಾಗಿ ಬಂದಿದ್ದರಿಂದ, ಅದರಲ್ಲಿ ಕೇಂದ್ರಗಳಿಗೆ ಎಷ್ಟು ಸಲ್ಲುತ್ತದೆಂಬುದನ್ನು ಕೇಳಿ ಬಿಡಿಸಿಕೊಳ್ಳಬೇಕಾಯಿತು. ಒಪ್ಪಂದಕ್ಕೆ ಮೊದಲೇ ಇದನ್ನು ಬರೆಸಿಕೊಳ್ಳಿ. ಭಾರತೀಯರಿಗೆ ವೀಸಾ ಬೇಕಿಲ್ಲವಾದರೂ ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು, ಆಧಾರ್ ಸಾಲದು. ಹದಿನೆಂಟು ತುಂಬಿಯೂ ಇವೆರಡೂ ಇಲ್ಲದ ವಿದ್ಯಾರ್ಥಿಗಳು ನಮ್ಮಲ್ಲಿ ಬಹಳ ಮಂದಿ ಇರುವುದರಿಂದ, ಹೆಸರು ನೋಂದಾಯಿಸುವ ದಿನವೇ ಅರ್ಜಿ ಹಾಕಿಸುತ್ತಿದ್ದೇವೆ.