ಗೋಣಿ, ಲೈನರ್, ವ್ಯಾಕ್ಯೂಮ್: ಹಡಗು ಹತ್ತುವ ಕಾಫಿಗೆ ಯಾವುದು?

ಹುರಿಯದ ಕಾಫಿ ಬೀಜ ಹೊರದೇಶಕ್ಕೆ ಹೋಗುವುದು ಹೆಚ್ಚಾಗಿ 60 ಕೆಜಿ ಗೋಣಿಚೀಲದಲ್ಲೇ. ಅಗ್ಗ, ಹಮಾಲರಿಗೂ ಕೈ ಪಳಗಿದೆ, ಗಾಳಿ ಆಡುತ್ತದೆ. ಆದರೆ ಗಾಳಿ ಹೋಗುವ ಕಡೆ ತೇವವೂ ಹೋಗುತ್ತದೆ ಅಲ್ವಾ?

ಮೂಡಿಗೆರೆ ಕಡೆಯ ನಮ್ಮ ಗೋದಾಮಿನಲ್ಲಿ ಒಂದೇ ಲಾಟಿನ ಅರೇಬಿಕಾವನ್ನು ಮೂರು ಬಗೆಯಲ್ಲಿ ಕಟ್ಟಿ ಮಳೆಗಾಲ ಕಳೆಯಲು ಬಿಟ್ಟೆ. ಬರೀ ಗೋಣಿ, ಗೋಣಿಯೊಳಗೆ ಗಾಳಿಯಾಡದ ಪ್ಲಾಸ್ಟಿಕ್ ಲೈನರ್, ವ್ಯಾಕ್ಯೂಮ್ ಪ್ಯಾಕ್. ಕಟ್ಟುವಾಗ ತೇವ ಶೇ. 11ರ ಆಸುಪಾಸು. ಮಳೆ ನಿಲ್ಲುವ ಹೊತ್ತಿಗೆ ಗೋಣಿಯದು 13 ದಾಟಿತ್ತು. ಬೀಜ ಬಿಳಿಚಿ ಉಬ್ಬಿತ್ತು, ಕಪ್‌ನಲ್ಲಿ ಚೀಲದ್ದೇ ವಾಸನೆ. (ಮಾನ್ಸೂನ್ಡ್ ಮಲಬಾರ್ ಎಂಬ ಬಗೆಯ ಕಾಫಿ ಮಾಡುವವರು ಕರಾವಳಿಯಲ್ಲಿ ಬೇಕೆಂದೇ ಬೀಜ ಉಬ್ಬಿಸುತ್ತಾರೆ. ಅದರ ಲೆಕ್ಕ ಬೇರೆ.) ಉಳಿದೆರಡರಲ್ಲಿ ತೇವ ಅಲುಗಿರಲಿಲ್ಲ.

ಸಮುದ್ರದಲ್ಲಿ ಇನ್ನೊಂದು ಕಾಟ. ಹಗಲು ಕಂಟೇನರ್ ಕಾಯುತ್ತದೆ, ಬೀಜದಿಂದ ತೇವ ಏಳುತ್ತದೆ. ರಾತ್ರಿ ತಗಡು ತಣ್ಣಗಾದಾಗ ಅದು ಚಾವಣಿಯಲ್ಲಿ ನೀರಾಗಿ, ಅನ್ನದ ಪಾತ್ರೆಯ ಮುಚ್ಚಳದಿಂದ ಬಿದ್ದಂತೆ ಚೀಲದ ಮೇಲೆ ತೊಟ್ಟಿಕ್ಕುತ್ತದೆ. ಅದಕ್ಕೇ ಒಳಗೋಡೆಗೆ ಕ್ರಾಫ್ಟ್ ಪೇಪರ್ ಹೊದಿಸಿ, ತೇವ ಹೀರುವ ಪಟ್ಟಿಗಳನ್ನು ನೇತು ಹಾಕುವುದು. ಇಷ್ಟು ಮಾಡಿದರೆ ರೋಬಸ್ಟಾಕ್ಕೆ ಬರೀ ಗೋಣಿ ಸಾಕು. 20 ಅಡಿ ಕಂಟೇನರಿಗೆ ಸುಮಾರು 320 ಚೀಲ ಹಿಡಿಯುತ್ತದೆ. ಅಷ್ಟಕ್ಕೂ ಲೈನರ್ ಹಾಕುತ್ತಾ ಕೂತರೆ ಲಾಭ ಅಲ್ಲೇ ಕರಗುತ್ತದೆ.

ಒಳ್ಳೆ ಅರೇಬಿಕಾಕ್ಕೆ ಮಾತ್ರ ನನ್ನ ಓಟು ಲೈನರಿಗೆ. ಆದರೆ ಕಟ್ಟುವ ಕೈ ಸರಿಯಿರಬೇಕು. ಗಾಳಿ ಒತ್ತಿ ತೆಗೆದು, ಬಾಯಿ ಬಿಗಿಯಾಗಿ ತಿರುಚಿ, ಮಡಚಿ ಟೈ ಹಾಕಬೇಕು. ಆಮೇಲೆ ಗೋಣಿಯ ಬಾಯಿ ಹೊಲಿಯುವಾಗ ದಬ್ಬಳ ಲೈನರಿಗೆ ತಾಗಬಾರದು. ಹಮಾಲರ ಕೊಕ್ಕೆಯಂತೂ ಬೇಡವೇ ಬೇಡ. ಒಂದು ತೂತು ಬಿದ್ದರೂ ಕೊಟ್ಟ ದುಡ್ಡು ದಂಡ, ಹೊರಗಿನಿಂದ ಗೊತ್ತೂ ಆಗುವುದಿಲ್ಲ. ಸರಿಯಾಗಿ ಒಣಗದ ಬೀಜ ತುಂಬಿದರೆ ಇನ್ನೂ ಕಷ್ಟ. ತೇವ ಹೊರಗೆ ಹೋಗಲು ದಾರಿಯೇ ಇಲ್ಲದೆ ಒಳಗೇ ಬೂಷ್ಟು ಹಿಡಿಯುತ್ತದೆ.

ವ್ಯಾಕ್ಯೂಮ್ ಪ್ಯಾಕಿನಲ್ಲಿ ಈ ಗುಟ್ಟು ಇಲ್ಲ. ಇಟ್ಟಿಗೆ ಹಾಗೆ ಗಟ್ಟಿ ಇದ್ದರೆ ಸರಿ, ಮೆತ್ತಗಾದರೆ ಗಾಳಿ ಹೊಕ್ಕಿದೆ. ಕಪ್‌ನಲ್ಲೂ ಇದೇ ಮುಂದೆ, ಲೈನರಿಗಿಂತ ಕೂದಲೆಳೆಯಷ್ಟು. ಆ ಕೂದಲೆಳೆಗೆ ಮೆಷಿನ್ನು, ಫಾಯಿಲ್ಲು, ಐದು ಪದರದ ರಟ್ಟಿನ ಪೆಟ್ಟಿಗೆ ಎಲ್ಲದಕ್ಕೂ ಖರ್ಚು. ಸ್ಯಾಂಪಲ್‌ಗೆ, ಜಾಸ್ತಿ ಬೆಲೆಯ ಸಣ್ಣ ಲಾಟಿಗೆ ಸರಿ. ಸುಮ್ನೆ ಎಲ್ಲದಕ್ಕೂ ಬೇಡ.

ಪೆಟ್ಟಿಗೆಗಳನ್ನು ಮರದ ಪ್ಯಾಲೆಟ್ ಮೇಲೆ ಕಟ್ಟುವುದಾದರೆ ಐಎಸ್‌ಪಿಎಂ-15 (ಮರದ ಪ್ಯಾಕಿಂಗಿಗೆ ಇರುವ ಅಂತರರಾಷ್ಟ್ರೀಯ ನಿಯಮ) ಮುದ್ರೆ ನೋಡಿಯೇ ಕೊಳ್ಳಿ. ಹುಳ ಸಾಯಲೆಂದು ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ ಮರಕ್ಕೆ ‘ಎಚ್‌ಟಿ’ ಎಂದು ಒತ್ತಿರುತ್ತಾರೆ. ಊರಿನ ಸಾಮಿಲ್ಲಿನ ಹಸಿ ಹಲಗೆ ಹೊಡೆದು ಕಳಿಸಿದರೆ ಆಚೆ ಬಂದರಿನಲ್ಲಿ ಸರಕು ನಿಂತುಬಿಡಬಹುದು.