ಓಡುವ ನಾಯಿ, ಸಾಧಾರಣ ಕ್ಯಾಮೆರಾ: ದೂರದಿಂದ ತೆಗೆದು ಕ್ರಾಪ್ ಮಾಡುವುದೋ, ಪೂರ್ತಿ ಜೂಮ್ ಮಾಡುವುದೋ?

ನನ್ನ ಹತ್ತಿರ ಇರುವುದು 24 ಮೆಗಾಪಿಕ್ಸೆಲ್‌ನ ಹಳೆಯ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಕಿಟ್ ಲೆನ್ಸ್, ಆಮೇಲೆ ಕೊಂಡ 55-250 ಜೂಮ್, ಅಷ್ಟೇ. ಚೆಂಡಿನ ಹಿಂದೆ ಓಡುವ ನಮ್ಮ ನಾಯಿಯ ಫೋಟೋವನ್ನು ಒಂದೇ ಬಯಲಿನಲ್ಲಿ, ಸಂಜೆಯ ಬೆಳಕಿನಲ್ಲಿ, ಮೂರು ರೀತಿಯಲ್ಲಿ ತೆಗೆದು ನೋಡಿದೆ.

ಮೊದಲು 55 ಎಂಎಂನಲ್ಲಿ (ಲೆನ್ಸಿನ ಈ ಅಂಕೆ ಹೆಚ್ಚಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) ತೆಗೆದು ಆಮೇಲೆ ಕ್ರಾಪ್ ಮಾಡಿದೆ, ಅಂದರೆ ಸುತ್ತಲಿನ ಜಾಗ ಕತ್ತರಿಸಿದೆ. ನಾಯಿ ಎತ್ತ ತಿರುಗಿದರೂ ಫ್ರೇಮ್‌ನಲ್ಲೇ ಇರುತ್ತದೆ, ಅದು ದೊಡ್ಡ ನೆಮ್ಮದಿ. ಆದರೆ 250ರಲ್ಲಿ ಕಾಣುವಷ್ಟು ದೊಡ್ಡದಾಗಿ ಬೇಕೆಂದು ಕತ್ತರಿಸಿದರೆ 24ರಲ್ಲಿ ಉಳಿಯುವುದು ಸುಮಾರು 1.2 ಮೆಗಾಪಿಕ್ಸೆಲ್. ಮೊಬೈಲಿನಲ್ಲಿ ನೋಡಲು ಪರವಾಗಿಲ್ಲ, ದೊಡ್ಡ ಪರದೆಗೆ ಹಾಕಿದರೆ ನಾಯಿಯ ಕಣ್ಣೇ ಸ್ಪಷ್ಟವಾಗಿ ಕಾಣುವುದಿಲ್ಲ. ಜೊತೆಗೆ ನಾಯಿ ಅಷ್ಟು ಚಿಕ್ಕದಾಗಿರುವಾಗ ಫೋಕಸ್ ಎಷ್ಟೋ ಸಲ ಹಿಂದಿನ ಹುಲ್ಲಿಗೆ ಹೋಗಿ ಕೂರುತ್ತದೆ.

ಆಮೇಲೆ ಪೂರ್ತಿ 250. ಸಿಕ್ಕಿದರೆ ಒಂದೊಂದು ಕೂದಲೂ ಎಣಿಸಬಹುದು. ಸಿಗುವುದೇ ಕಷ್ಟ! ಬಾಲ ಒಂದರಲ್ಲಿ ಇಲ್ಲ, ಕಿವಿ ಇನ್ನೊಂದರಲ್ಲಿ ಇಲ್ಲ, ಕೆಲವದರಲ್ಲಂತೂ ಬರೀ ಹುಲ್ಲು. ಜಾಸ್ತಿ ಇರುವ ಜಾಗವನ್ನು ಕತ್ತರಿಸಬಹುದು, ಇಲ್ಲದ ಬಾಲವನ್ನು ಎಲ್ಲಿಂದ ತರುವುದು?

ಮೂರನೆಯದು 150ರ ಹತ್ತಿರ ನಿಲ್ಲಿಸಿ, ಸುತ್ತ ಒಂದಿಷ್ಟು ಜಾಗ ಬಿಟ್ಟು ತೆಗೆದು, ಆಮೇಲೆ ಅಷ್ಟೇ ದೊಡ್ಡದಾಗಿ ಕತ್ತರಿಸುವುದು. ಸುಮಾರು 8.6 ಮೆಗಾಪಿಕ್ಸೆಲ್ ಉಳಿಯುತ್ತದೆ, ಎ4 ಹಾಳೆಗೆ ಚೆನ್ನಾಗಿ ಪ್ರಿಂಟ್ ಹಾಕಿಸಲು ಸಾಕು. ನನ್ನ ಓಟು ಇದಕ್ಕೇ.

ಆದರೆ ಒಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಕ್ರಾಪ್ ಮಾಡಿದಾಗ ನಾಯಿ ಮಾತ್ರ ದೊಡ್ಡದಾಗುವುದಿಲ್ಲ, ಅದರ ಮಸುಕೂ ದೊಡ್ಡದಾಗುತ್ತದೆ. ನಾಯಿ ಸೆಕೆಂಡಿಗೆ 10 ಮೀಟರ್ ಓಡುತ್ತಿದೆ ಅಂದುಕೊಳ್ಳಿ. 1/500ರಲ್ಲಿ, ಅಂದರೆ ಸೆಕೆಂಡಿನ ಐನೂರರಲ್ಲಿ ಒಂದು ಭಾಗದಲ್ಲಿ, ಶಟರ್ (ಬೆಳಕು ಒಳಬಿಡುವ ಪರದೆ) ತೆರೆದು ಮುಚ್ಚುವಷ್ಟರಲ್ಲಿ ಅದು 2 ಸೆಂಟಿಮೀಟರ್ ಸರಿದಿರುತ್ತದೆ, 1/2000ರಲ್ಲಿ ಅರ್ಧ ಸೆಂಟಿಮೀಟರ್ ಮಾತ್ರ. ಕ್ಯಾಮೆರಾ ಹಿಂದಿನ ಪುಟ್ಟ ಪರದೆಯಲ್ಲಿ ಎರಡೂ ಚೆನ್ನಾಗಿಯೇ ಕಾಣುತ್ತವೆ, ಕತ್ತರಿಸಿದ ಮೇಲೆ ಮೊದಲನೆಯದರಲ್ಲಿ ಮೂತಿ ಕಲಸಿಹೋಗಿರುತ್ತದೆ. ಹಾಗಾಗಿ ಕ್ರಾಪ್ ಮಾಡುವುದು ಖಚಿತ ಅಂತಿದ್ದರೆ ಶಟರ್ ಸ್ಪೀಡನ್ನು ಮೊದಲೇ ಏರಿಸಿಬಿಡಿ. ಅದಕ್ಕೆ ಬೆಲೆ ಇದೆ: 1/500ರಿಂದ 1/2000ಕ್ಕೆ ಹೋದರೆ ಬೆಳಕು ಕಾಲು ಭಾಗವಷ್ಟೇ ಬರುತ್ತದೆ, ಹಾಗಾಗಿ ಐಎಸ್‌ಒ (ಚಿತ್ರವನ್ನು ಎಷ್ಟು ಬೆಳಗಿಸಬೇಕೆಂಬ ಸೆಟ್ಟಿಂಗ್) 800 ಇದ್ದದ್ದು 3200 ಆಗಬೇಕು, ಚಿತ್ರದಲ್ಲಿ ಕಾಳುಕಾಳು ಜಾಸ್ತಿಯಾಗುತ್ತದೆ, ಕ್ರಾಪ್‌ನಲ್ಲಿ ಅದೂ ಎದ್ದು ಕಾಣುತ್ತದೆ. ನಾನಂತೂ ಕಾಳುಕಾಳನ್ನೇ ಒಪ್ಪಿಕೊಳ್ಳುತ್ತೇನೆ, ಅದನ್ನು ಆಮೇಲೆ ಸ್ವಲ್ಪವಾದರೂ ಕಡಿಮೆ ಮಾಡಬಹುದಲ್ವಾ.

ಬರ್ಸ್ಟ್ (ಒಂದರ ಹಿಂದೊಂದು ಫೋಟೋ ತೆಗೆಯುವ ಸೆಟ್ಟಿಂಗ್) ಇಟ್ಟು ಸುಮ್ನೆ ಬಟನ್ ಒತ್ತಿ ಹಿಡಿಯುವುದನ್ನೂ ನೋಡಿದೆ. ಸೆಕೆಂಡಿಗೆ 5 ಫೋಟೋ ತೆಗೆಯುವ ಕ್ಯಾಮೆರಾದಲ್ಲಿ ಎರಡು ಫೋಟೋಗಳ ನಡುವೆ ಅದೇ ನಾಯಿ 2 ಮೀಟರ್ ದಾಟಿರುತ್ತದೆ, ನೆಗೆತದ ತುದಿ ಆ ಸಂದಿಯಲ್ಲೇ ಹೋಗಿಬಿಡುತ್ತದೆ. ನೆಗೆಯಲು ಮೈ ಕುಗ್ಗಿಸಿದ ತಕ್ಷಣ ಒತ್ತಿದಾಗಲೇ ನನಗೆ ಒಳ್ಳೆಯವು ಸಿಕ್ಕಿದ್ದು. ರಾ (ಕುಗ್ಗಿಸದ ದೊಡ್ಡ) ಫೈಲ್ ಇಟ್ಟರೆ ಕೆಲವೇ ಫೋಟೋಗಳಿಗೆ ಕ್ಯಾಮೆರಾ ನಿಧಾನವಾಗುತ್ತದೆ, ಓಟಕ್ಕೆ ಚಿಕ್ಕದಾದ ಜೆಪೆಗ್ ಫೈಲೇ ವಾಸಿ.

250ನ್ನು ಪೂರ್ತಿ ಬಿಟ್ಟಿಲ್ಲ. ನಾಯಿ ಯಾವ ದಿಮ್ಮಿ ಹಾರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಆ ದಿಮ್ಮಿಯ ಮೇಲೆ ಫೋಕಸ್ ಇಟ್ಟು, ಅದು ಬದಲಾಗದಂತೆ ಲೆನ್ಸನ್ನು ಮ್ಯಾನುವಲ್‌ಗೆ ಹಾಕಿ ಕಾಯುತ್ತೇನೆ. ಆಗ ಕ್ರಾಪ್ ಬೇಕಾಗುವುದೇ ಇಲ್ಲ.